ಬಿಗಿಯಾಗಿ ತೊಡಿಸಿದ ಬಳೆ

ಕಾಸ್ಟ್ಯೂಮ್ ಡಿಸೈನ್ ಓದಿಕೊಂಡ ಹುಡುಗಿಯರು ಈಗೀಗ ನನ್ನನ್ನು ಹುಡುಕಿಕೊಂಡು ಹುಣಸೂರಿಗೆ ಬರುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ‘ಸೀರಿಯಲ್ ಸರೋಜಮ್ಮ’ ಅಂದರೆ ಸಾಕು, ಆಟೋದವರು ಮನೆ ಬಾಗಿಲಿಗೇ ತಂದು ಇಳಿಸುತ್ತಾರೆ. ಕೊಟ್ಟ ಕಾಫಿ ಕುಡಿಯುವ ಮೊದಲೇ ಲ್ಯಾಪ್‌ಟಾಪ್ ತೆಗೆದು ಮೂಡ್ ಬೋರ್ಡ್ ಅಂತ ಒಂದು ತೋರಿಸುತ್ತಾರೆ. ಅದರಲ್ಲಿ ಒಂದು ಕೋಟೆ, ಒಂದು ಕುದುರೆ, ಸೀರೆ ಅಂಗಡಿಯ ಜಾಹೀರಾತಿನಿಂದ ಕತ್ತರಿಸಿ ಅಂಟಿಸಿದ ಒಬ್ಬ ಸುಂದರಿ. ‘ಆಂಟಿ, ಪೀರಿಯಡ್ ಡ್ರಾಮಾಗೆ ಟಿಪ್ಸ್ ಕೊಡಿ’ ಅನ್ನುತ್ತಾರೆ. ಮೂವತ್ತು ವರ್ಷ ಕಂಡಕಂಡವರ ಮೈಗೆ ಬಟ್ಟೆ ಹಾಕಿ ಬಿಚ್ಚಿ ಸುಸ್ತಾಗಿ ಮನೆಗೆ ಬಂದು ಕೂತವಳು ನಾನು, ಟಿಪ್ಸ್ ಏನು ಕೊಡಲಿ? ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ. ಓದಿದ ಮೇಲೂ ಈ ಕೆಲಸಕ್ಕೇ ಬರುತ್ತೀವಿ ಅಂದರೆ ಅದು ನಿಮ್ಮ ಹಣೆಬರಹ.

ನಾನು ಯಾವ ಕಾಲೇಜಿನಲ್ಲೂ ಇದನ್ನು ಕಲಿತವಳಲ್ಲ. ಕೆ.ಆರ್. ನಗರದಲ್ಲಿ ರವಿಕೆ ಹೊಲಿಯುತ್ತಿದ್ದೆ. ಒಂದು ಸೀರಿಯಲ್ಲಿನವರು ಹೊಳೆ ದಂಡೆಯಲ್ಲಿ ಶೂಟಿಂಗ್ ಮಾಡುವಾಗ ನಾಯಕಿಯ ರವಿಕೆ ಬೆನ್ನ ಹಿಂದೆ ಹರಿದುಹೋಯಿತು. ನನ್ನನ್ನು ಕರೆಸಿದರು. ಹೊಲಿದುಕೊಟ್ಟೆ. ‘ನಾಳೆಯೂ ಬನ್ನಿ’ ಅಂದರು. ಆ ನಾಳೆ ಮೂವತ್ತು ವರ್ಷ ನಡೆಯಿತು. ಯಾವಾಗ ಅಸಿಸ್ಟೆಂಟ್ ಆದೆ, ಯಾವಾಗ ಹೆಡ್ ಆದೆ ಅನ್ನುವುದೆಲ್ಲ ಹೇಳುವಂಥ ವಿಷಯವಲ್ಲ. ಹೆಡ್ ಆದ ಮೇಲೂ ಹೀರೋನ ಬೆವರಿನ ಬನಿಯನ್ ಹಿಂಡಿದವಳು ನಾನೇ.

ಹೇಳಬೇಕಾದ್ದು ಕೊನೆಯ ಸೀರಿಯಲ್ ವಿಷಯ. ಪಾಳೇಗಾರರ ಕಾಲದ ಕಥೆ. ಪಿರಿಯಾಪಟ್ಟಣದ ಹತ್ತಿರ, ಕಂಪಲಾಪುರದ ಆಚೆ, ಒಂದು ಕೆರೆ ಪಕ್ಕ ಪ್ಲೈವುಡ್ಡಿನ ಕೋಟೆ ಕಟ್ಟಿದ್ದರು. ಜೋರಾಗಿ ಗಾಳಿ ಬೀಸಿದರೆ ಕೋಟೆ ಬಾಗಿಲು ಪಟಪಟ ಅನ್ನುತ್ತಿತ್ತು. ಡೈರೆಕ್ಟರು ಬೆಂಗಳೂರಿನವರು, ಕಿವಿಗೊಂದು ಓಲೆ, ಬಾಯಲ್ಲಿ ಒಂದೇ ಮಾತು, ‘ಅಥೆಂಟಿಕ್.’ ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು, ‘ಸರೋಜಮ್ಮ, ಪ್ರತಿ ದಾರನೂ ಅಥೆಂಟಿಕ್ ಆಗಿರ್ಬೇಕು’ ಅಂದರು. ನಾನೂ ನಂಬಿದೆ. ಆ ಕಾಲಕ್ಕೆ ಈ ಕಡೆ ಹೊಲಿದ ರವಿಕೆ ಇರಲಿಲ್ಲ, ಸೀರೆಯ ಸೆರಗನ್ನೇ ಭುಜದ ಮೇಲೆ ಗಂಟು ಹಾಕುತ್ತಿದ್ದರು ಅಂತ ಉಟ್ಟು ತೋರಿಸಿದೆ. ಚಾನೆಲ್‌ನವರು ನೋಡಿ ಹೌಹಾರಿದರು. ‘ಫ್ಯಾಮಿಲಿ ಆಡಿಯನ್ಸ್’ ಅಂದರು. ಕೊನೆಗೆ ರಾಣಿಗೆ ಬಂದದ್ದು ಬೆನ್ನು ಪೂರ್ತಿ ಖಾಲಿ ಇರುವ, ಹಿಂದೆ ಎರಡು ಲಾಡಿ ಕಟ್ಟುವ ರವಿಕೆ. ಅದು ಫ್ಯಾಮಿಲಿಗೆ ಪರವಾಗಿಲ್ಲವಂತೆ! ಆ ರಾಣಿ ಮಲಗುವಾಗಲೂ ಡಾಬು ಬಿಚ್ಚುವ ಹಾಗಿರಲಿಲ್ಲ. ಡಾಬು ಚುಚ್ಚಿ ಆ ಹುಡುಗಿಯ ಸೊಂಟದಲ್ಲಿ ಗಾಯವಾದರೆ ಅದಕ್ಕೆ ಅರಿಶಿನ ಹಚ್ಚುವುದು ಯಾರ ಕೆಲಸ? ನನ್ನದೇ.

ಬಟ್ಟೆಯ ಜೊತೆಗೆ ಜನ ಆರಿಸುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದರು. ಸೈನಿಕರು, ನೀರು ಹೊರುವವರು, ಸಂತೆಯ ಜನ, ಇವರಿಗೆಲ್ಲ ದಿನಾ ಬೆಂಗಳೂರಿನಿಂದ ಬಸ್ ತರಿಸುವುದಕ್ಕಾಗುವುದಿಲ್ಲ, ‘ನೀವು ಲೋಕಲ್ ಅಲ್ವಾ’ ಅಂದರು. ಲೋಕಲ್ ಅನ್ನುವುದೇ ನನ್ನ ಡಿಗ್ರಿ. ಹುಬ್ಬು ತೀಡಿಸದ ಹೆಂಗಸರು ಬೇಕು ಅಂತ ಊರೂರು ಅಲೆದೆ. ಹುಬ್ಬು ತೀಡಿಸದವರು ಹಳ್ಳಿಯಲ್ಲಿ ಬೇಕಾದಷ್ಟು ಸಿಗುತ್ತಾರೆ ಅಂತ ಡೈರೆಕ್ಟರ ನಂಬಿಕೆ. ಬಿಳಿಕೆರೆಯಲ್ಲಿ ಬಸ್ಸಿಳಿದರೆ ಎದುರಿಗೇ ಬ್ಯೂಟಿ ಪಾರ್ಲರ್ ಬೋರ್ಡು. ಎಚ್.ಡಿ. ಕೋಟೆ ಕಡೆ ಹೋಗೋಣ ಅಂತ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ನಿಂತೆ. ಕಾಡಂಚಿನ ಬುಡಕಟ್ಟಿನವರ ಹಾಡಿಯಿಂದ ಕೂಲಿಗೆ ಬಂದ ಒಬ್ಬ ಹೆಣ್ಣುಮಗಳನ್ನು ಮಾತಾಡಿಸಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ಎಲೆ ಸುತ್ತಿ ಕುಣಿಸ್ತೀರಾ? ಹೋದ ಸಲ ಒಬ್ರು ಬಂದು ಅಂಗೇ ಮಾಡುದ್ರು. ನಮ್ಮಜ್ಜಿನೂ ಸೀರೆನೇ ಉಡ್ತಿದ್ದದ್ದು ಕಣ್ರೀ’ ಅಂದಳು.

ಇಲ್ಲ ಅಂದೆ. ಆದರೂ ಬರಲಿಲ್ಲ. ಒಳ್ಳೆಯದೇ ಮಾಡಿದಳು. ಮಾರನೆಯ ವಾರ ಡೈರೆಕ್ಟರು ನಿಜವಾಗಲೂ ಎಲೆ ಕೇಳಿದರು. ಎಲೆ ಬೇಕಾದರೆ ನೀವೇ ಸುತ್ತಿಕೊಳ್ಳಿ ಅಂದೆ. ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು, ಆ ಎರಡು ದಿನ ಕೆಲಸ ಚೆನ್ನಾಗಿ ಸಾಗಿತು.

ಇನ್ನು ನನ್ನ ಪೆದ್ದುತನ ಹೇಳುತ್ತೇನೆ. ಬೇರೆಯವರನ್ನು ಬೈದಷ್ಟೇ ಚೆನ್ನಾಗಿ ನನ್ನನ್ನೂ ಬೈದುಕೊಳ್ಳಬಲ್ಲೆ.

ಸೈನಿಕರ ಬಟ್ಟೆ ಹಳೆಯದಾಗಿ ಕಾಣಬೇಕಿತ್ತು. ಅರವತ್ತು ಜೊತೆ ಹೊಸ ಕಾಟನ್. ಟೀ ಡಿಕಾಕ್ಷನ್ನಿನಲ್ಲಿ ಅದ್ದುವುದು, ಕಲ್ಲಿಗೆ ಉಜ್ಜುವುದು, ಇದೆಲ್ಲ ಹಳೆಯ ವಿದ್ಯೆ. ನನಗೋ ಹೊಸದೊಂದು ತಲೆಗೆ ಬಂತು. ಈ ಸೀಮೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾರಲ್ಲ, ಸೊಪ್ಪು ಬೇಯಿಸುವುದಕ್ಕೆ ಎತ್ತರದ ಬ್ಯಾರನ್ ಮನೆ ಇರುತ್ತದಲ್ಲ, ಅದರೊಳಗೆ ಸೊಪ್ಪಿನ ಜೊತೆ ಬಟ್ಟೆಯನ್ನೂ ತೂಗುಹಾಕಿದರೆ? ಎಂಥ ಬಣ್ಣ ಬರಬೇಡ! ಕಂಪಲಾಪುರದ ಒಬ್ಬ ರೈತರನ್ನು ಒಪ್ಪಿಸಿದೆ. ಅವರ ಬ್ಯಾರನ್ ಮುಂದೆ ನೆರಳಲ್ಲಿ ಕೂತು ಹೆಂಗಸರು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದರು. ಅವರಲ್ಲಿ ಒಬ್ಬಾಕೆ ನನ್ನ ಬಟ್ಟೆ ಗಂಟು ನೋಡಿ ಕೈ ನಿಲ್ಲಿಸಿದಳು. ನಲವತ್ತರ ಆಸುಪಾಸು, ಬೋಳು ಹಣೆ, ಬೋಳು ಕೈ, ಬೆರಳೆಲ್ಲ ಸೊಪ್ಪಿನ ಅಂಟಿನಿಂದ ಕಪ್ಪು.

‘ಬ್ಯಾಡ ಕಣಕ್ಕ. ಒದ್ದೆ ಬಟ್ಟೆ ಒಳೀಕೆ ಹಾಕಿದ್ರೆ ಸೊಪ್ಪಿನ ವಿಸ ಹಿಡ್ಕತದೆ. ಆಮ್ಯಾಕೆ ತೊಟ್ಟೋರ್ಗೆ ತಲೆ ಸುತ್ತದೆ’ ಅಂದಳು.

‘ನಂಗೆ ಗೊತ್ತು, ನೀ ಸೊಪ್ಪು ಕಟ್ಟು’ ಅಂದೆ.

ಏನು ಗೊತ್ತಿತ್ತು ನನಗೆ, ಮಣ್ಣು! ಬಟ್ಟೆಗೆ ಬಣ್ಣವೇನೋ ಅದ್ಭುತವಾಗಿ ಬಂತು. ಯುದ್ಧದ ದಿನ ಅರವತ್ತು ಸೈನಿಕರು ಬಿಸಿಲಲ್ಲಿ ಬೆವರಿದರು, ಬೆವರಿಗೆ ಬಟ್ಟೆ ಒದ್ದೆಯಾಯಿತು, ಅರ್ಧ ಗಂಟೆಯಲ್ಲಿ ಒಬ್ಬೊಬ್ಬರೇ ಕತ್ತಿ ಬಿಸಾಡಿ ಬದುವಿನ ಪಕ್ಕ ಕೂತು ವಾಂತಿ ಮಾಡಿಕೊಂಡರು. ಸೇನಾಪತಿ ಕುದುರೆಯಿಂದಲೇ ವಾಲಿದ. ಡೈರೆಕ್ಟರು ಕ್ಯಾಮೆರಾ ನಿಲ್ಲಿಸಲಿಲ್ಲ. ‘ಸೂಪರ್! ಯುದ್ಧದ ಭೀಕರತೆ ಅಂದ್ರೆ ಇದು!’ ಅಂತ ಕುಣಿದಾಡಿದರು. ಆ ಮನುಷ್ಯನಿಗೆ ನಿಜವಾದ ವಾಂತಿಯೂ ನಟನೆಯಾಗಿಯೇ ಕಾಣುತ್ತಿತ್ತು. ಅರವತ್ತು ಜನಕ್ಕೂ ಮಜ್ಜಿಗೆ ಕುಡಿಸಿ, ಸ್ನಾನ ಮಾಡಿಸಿ ಮನೆಗೆ ಕಳಿಸುವ ಹೊತ್ತಿಗೆ ನನ್ನ ಜೀವ ಬಾಯಿಗೆ ಬಂದಿತ್ತು.

ಮಾರನೆಯ ದಿನ ಬ್ಯಾರನ್ ಹತ್ತಿರ ಹೋಗಿ ಆ ಹೆಂಗಸಿನ ಮುಂದೆ ತಪ್ಪೊಪ್ಪಿಕೊಂಡೆ. ನಗಲಿಲ್ಲ ಅವಳು. ‘ಕೂತ್ಕಳಿ’ ಅಂತ ಗೋಣಿಚೀಲ ಹಾಸಿದಳು. ಹೆಸರು ಚಿಕ್ಕತಾಯಮ್ಮ. ಗಂಡ ಹೋಗಿ ಹದಿನಾರು ವರ್ಷ. ಒಬ್ಬಳೇ ಮಗಳು, ಸವಿತ. ಈ ಕಡ್ಡಿ ಕಟ್ಟಿಯೇ ಅವಳನ್ನು ಓದಿಸಿದ್ದಳು. ಕೆ.ಆರ್. ನಗರದ ಕಡೆಯ ಗಂಡು ಗೊತ್ತಾಗಿತ್ತು, ಕಾರ್ತಿಕದಲ್ಲಿ ಮದುವೆ.

‘ಒಂದೇ ಕೊರಗು ಅಕ್ಕ’ ಅಂದಳು. ‘ಮದ್ವೆ ದಿನ ನಾನು ಅಡ್ಗೆ ಮನೇಲಿ ಇರ್ಬೇಕಂತೆ. ನಮ್ಮ ಭಾವ ಏಳವ್ರೆ. ಬೀಗರು ಸಾಸ್ತ್ರದೋರು, ಗಂಡ ಇಲ್ದಿರೋ ಹೆಣ್ಣು ಮುಂದುಕ್ಕೆ ಬರ್ಬಾರ್ದು ಅಂತ. ಹೆತ್ತು ಸಾಕಿದ್ ಮಗ ತಾಳಿ ಕಟ್ಟುಸ್ಕಳದ ನಾನು ಸೌದೆ ಸಂದೀಲಿ ನೋಡ್ಬೇಕು.’

ನಮ್ಮ ಕಡೆ ಹೆಣ್ಣುಮಕ್ಕಳನ್ನೂ ಮುದ್ದಿಗೆ ಮಗ ಅನ್ನುತ್ತಾರೆ. ಅಷ್ಟು ಹೇಳಿ ಅವಳು ಇನ್ನೊಂದು ಕಡ್ಡಿ ಎತ್ತಿಕೊಂಡಳು. ನಾನು ಏನೋ ಸಮಾಧಾನದ ಮಾತು ಹೇಳಿದೆ. ಮನಸ್ಸಿನಲ್ಲಿ ಮಾತ್ರ, ಇವಳ ಮುಖ ಎಷ್ಟು ಚೆನ್ನಾಗಿದೆ, ಸೀರಿಯಲ್ಲಿಗೆ ಹಾಕಿಕೊಳ್ಳಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಕಾಸ್ಟಿಂಗ್ ಮಾಡುವವರ ಬುದ್ಧಿಯೇ ಇಷ್ಟು, ನೀವೂ ಹಾಗೇ ಆಗುತ್ತೀರಿ.

ದಸರಾ ಮುಗಿದ ವಾರ ಒಂದು ದೊಡ್ಡ ದೃಶ್ಯ ಬಂತು. ಯುದ್ಧದಲ್ಲಿ ಸತ್ತ ಸೈನಿಕರ ಹೆಂಡತಿಯರು ಸಾಲಾಗಿ ಕೆರೆಗೆ ಇಳಿಯಬೇಕು. ಕಂಪಲಾಪುರದಿಂದ ಇಪ್ಪತ್ತೆಂಟು ಹೆಂಗಸರನ್ನು ಕರೆಸಿದೆ. ಚಿಕ್ಕತಾಯಮ್ಮನೂ ಅವರ ಜೊತೆ ಬಂದಿದ್ದಳು. ಬಳೆ ತೆಗೆದು, ಕುಂಕುಮ ಒರೆಸಿ, ತಾಳಿ ಒಳಗೆ ಸೇರಿಸಿಕೊಳ್ಳಿ ಅಂದೆ ನೋಡಿ, ಡೇರೆಯೊಳಗೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು.

‘ಏನ್ ಮಾತಾಡೀರಿ? ಗಂಡ ಬೆಳಿಗ್ಗೆ ಮುದ್ದೆ ಉಂಡು ಹೊಲಕ್ಕೆ ಹೋಗವ್ನೆ, ನಾನು ಬಳೆ ತೆಗೀಬೇಕಾ?’

‘ನಿಮ್ ಸೀರಿಯಲ್ ಮನೆ ಹಾಳಾಗ! ನಡೀರೇ ಹೋಗವ.’

ಡೈರೆಕ್ಟರು ಹೊರಗಿನಿಂದಲೇ ‘ಇಟ್ಸ್ ಜಸ್ಟ್ ಆಕ್ಟಿಂಗ್!’ ಅಂತ ಅರಚಿದರು. ಅವರ ಕತ್ತಿನಲ್ಲಿ ಅವರಮ್ಮ ಕಟ್ಟಿದ ತಾಯಿತ ಇತ್ತು. ಸ್ನಾನಕ್ಕೂ ಬಿಚ್ಚುವುದಿಲ್ಲ ಅಂತ ಮೇಕಪ್‌ನವನೇ ಹೇಳಿದ್ದ.

ಹೆಂಗಸರೆಲ್ಲ ಎದ್ದು ನಿಂತಾಗ ಚಿಕ್ಕತಾಯಮ್ಮ ನನ್ನ ಪಕ್ಕ ಬಂದು ಮೆಲ್ಲಗೆ, ‘ಇವ್ರ್‌ನ ಯಾಕ್ ಗೋಳುಯ್ಕತೀರಿ? ನಾವಿಲ್ವಾ?’ ಅಂದಳು.

‘ನಾವು ಅಂದ್ರೆ?’

ಅವಳು ಬೋಳು ಕೈ ಎತ್ತಿ ತೋರಿಸಿದಳು.

ಮಾರನೆಯ ದಿನ ಸುತ್ತಮುತ್ತಲ ಊರುಗಳಿಂದ ಅವಳೇ ಇಪ್ಪತ್ತೇಳು ಜನರನ್ನು ಕರೆತಂದಳು, ಅವಳೂ ಸೇರಿ ಇಪ್ಪತ್ತೆಂಟು. ಎಲ್ಲರೂ ಗಂಡ ಇಲ್ಲದವರು. ಮುತ್ತೈದೆಯರ ಮನೆಯ ಶುಭಕಾರ್ಯಕ್ಕೆ ಕರೆಯದಿದ್ದರೂ ಹೊಗೆಸೊಪ್ಪಿನ ಕಡ್ಡಿಗೆ ಮಾತ್ರ ತಪ್ಪದೆ ಕರೆಯುವ ಹೆಂಗಸರು. ಡೈರೆಕ್ಟರು ಬೆಳ್ಳಗಿನ ಸೀರೆ ಕೇಳಿದರು. ‘ನಮ್ಮ ಕಡೆ ಬಿಳಿ ಸೀರೆ ಎಲ್ಲಿಂದ ಬಂತು ಸ್ವಾಮಿ? ಅದು ನೀವು ಬೇರೆ ಸೀರಿಯಲ್ಲಿನಲ್ಲಿ ನೋಡಿದ್ದು’ ಅಂದೆ. ಮಾಸಿದ ಸೀರೆ ಕೊಟ್ಟೆ. ಬೇರೇನೂ ಮಾಡಬೇಕಾಗಿರಲಿಲ್ಲ. ಯಾರೂ ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ, ಸುಮ್ಮನೆ ಹೋಗಿ ನೀರಿಗಿಳಿದರು. ಒಂದೇ ಟೇಕ್. ಡೈರೆಕ್ಟರು ಕರ್ಚೀಫು ತೆಗೆದು ಕಣ್ಣೊರೆಸಿಕೊಂಡು, ‘ಎಂಥ ಪರ್ಫಾರ್ಮೆನ್ಸ್! ಯಾವ ನಾಟಕ ತಂಡ ಇವ್ರದ್ದು?’ ಅಂದರು. ನಾನು ಸೀರೆ ಎಣಿಸಿಕೊಳ್ಳಲು ಹೋದೆ. ನಿಜ ಹೇಳಿದ್ದರೆ ಅದನ್ನೂ ಪ್ರೋಮೋಗೆ ಹಾಕುತ್ತಿದ್ದರು.

ಸೀರಿಯಲ್ಲಿನಲ್ಲಿ ಸಾವು ಮೊದಲು ಶೂಟ್ ಆಗುತ್ತದೆ, ಮದುವೆ ಆಮೇಲೆ. ಎರಡು ವಾರ ಕಳೆದ ಮೇಲೆ ಹಿಂದಿನ ದೃಶ್ಯ ಬಂತು. ಅದೇ ಹೆಂಡತಿಯರು ಯುದ್ಧಕ್ಕೆ ಹೊರಟ ಗಂಡಂದಿರಿಗೆ ಆರತಿ ಎತ್ತುವುದು. ಮುಖಗಳು ಆಗಲೇ ಕ್ಲೋಸಪ್ಪಿನಲ್ಲಿ ಬಂದಿವೆ, ಬದಲಾಯಿಸುವ ಹಾಗಿಲ್ಲ. ಅದೇ ಇಪ್ಪತ್ತೆಂಟು ಜನ ಈಗ ಮುತ್ತೈದೆಯರಾಗಬೇಕು. ನನ್ನ ಪುಸ್ತಕದಲ್ಲಿ ನಾನೇ ಬರೆದುಕೊಂಡೆ: ಹಸಿರು ಬಳೆ, ಕುಂಕುಮ, ಮಲ್ಲಿಗೆ, ಕರಿಮಣಿ, ಇಪ್ಪತ್ತೆಂಟು ಜನಕ್ಕೆ. ಬರೆಯುವಾಗ ಈ ಹೆಂಗಸರು ಯಾರು ಅಂತ ಒಂದಿಷ್ಟಾದರೂ ಯೋಚಿಸಬೇಡವೇ? ಇಲ್ಲ. ಅದೇ ಮುಖಗಳಿವೆ, ಕಂಟಿನ್ಯುಟಿ ತಪ್ಪಲಿಲ್ಲವಲ್ಲ ಅಂತ ನೆಮ್ಮದಿಯಾಯಿತು.

ಅದು ಸಾಲದು ಅಂತ ನನ್ನ ಜಂಬ ಬೇರೆ. ಪ್ರೊಡಕ್ಷನ್ ಮ್ಯಾನೇಜರ್ ಎಂದಿನಂತೆ ಒಂದು ಡಬ್ಬ ತಂದಿಟ್ಟ. ಯಾರ ಕೈಗೆ ಬೇಕಾದರೂ ಜಾರುವ, ಸಡಿಲವಾದ ಪ್ಲಾಸ್ಟಿಕ್ ಬಳೆಗಳು. ಎತ್ತಿ ಬಿಸಾಡಿದೆ. ‘ನಮ್ಮ ಹಳ್ಳಿ ಹೆಂಗಸು ಇಂಥ ಬಳೆ ಹಾಕ್ತಾಳೇನ್ರಿ? ಗಾಜಿನ ಬಳೆ, ಮಣಿಕಟ್ಟಿಗೆ ಬಿಗಿಯಾಗಿ ಕೂರಬೇಕು, ಆರತಿ ಎತ್ತಿದಾಗ ಮೊಣಕೈಗೆ ಜಾರಬಾರದು’ ಅಂದೆ. ಹುಣಸೂರಿನ ಅಂಗಡಿಯಿಂದ ಒಳ್ಳೆಯ ಹಸಿರು ಬಳೆ ತಂದೆ. ಪಿರಿಯಾಪಟ್ಟಣದಿಂದ ವಯಸ್ಸಾದ ಬಳೆಗಾರರೊಬ್ಬರನ್ನು ಕರೆಸಿದೆ. ಅಥೆಂಟಿಕ್! ಆ ಡೈರೆಕ್ಟರ ಹುಚ್ಚು ನನಗೂ ಹಿಡಿದಿತ್ತು.

ಡೇರೆಯೊಳಗೆ ಬಂದ ಹೆಂಗಸರು ಬಳೆಯ ರಾಶಿ, ಕುಂಕುಮದ ಬಟ್ಟಲು, ಹೂವಿನ ಬುಟ್ಟಿ ನೋಡಿ ಬಾಗಿಲಲ್ಲೇ ನಿಂತರು. ಬಳೆಗಾರರು ನನ್ನ ಕಿವಿಯ ಹತ್ತಿರ, ‘ಅವ್ವ, ಇವ್ರಿಗಾ?’ ಅಂದರು.

‘ಶೂಟಿಂಗ್ ಅಪ್ಪಾ ಇದು. ತೊಡ್ಸಿ’ ಅಂತ ಗದರಿದೆ.

ಚಿಕ್ಕತಾಯಮ್ಮ ಮೊದಲು ಕೂತಳು. ಅವಳನ್ನು ನೋಡಿ ಉಳಿದವರು ಕೂತರು. ಸೊಪ್ಪು ಕಟ್ಟಿ, ಕಳೆ ಕಿತ್ತು ದಪ್ಪವಾದ ಕೈಗಳು. ಬಳೆಗಾರರು ಬೆರಳು ಒತ್ತಿ, ಮಣಿಕಟ್ಟು ಹಿಂಡಿ, ಒಂದೊಂದೇ ಏರಿಸಿದರು. ಕೈಗೆ ಆರಾರು. ಚಿಕ್ಕತಾಯಮ್ಮನ ಎರಡನೆಯ ಕೈ ಮುಗಿಯುತ್ತಿದ್ದಂತೆ ಅವರು ಅಭ್ಯಾಸ ಬಲದಿಂದ, ‘ಮುತ್ತೈದೆಯಾಗಿ ಬಾಳವ್ವ’ ಅಂದುಬಿಟ್ಟರು. ಅಂದ ಮೇಲೆ ತುಟಿ ಕಚ್ಚಿಕೊಂಡು ತಲೆ ತಗ್ಗಿಸಿದರು.

ಚಿಕ್ಕತಾಯಮ್ಮ ಕೈ ಅಲ್ಲಾಡಿಸಿ ನೋಡಿದಳು. ಬಳೆ ಸದ್ದು ಮಾಡಿದವು. ಇನ್ನೊಂದು ಸಲ ಅಲ್ಲಾಡಿಸಿದಳು. ‘ಸದ್ದೇ ಮರ್ತೋಗಿತ್ತು ಅಕ್ಕ’ ಅಂದಳು.

ಶೂಟಿಂಗ್ ಚೆನ್ನಾಗಿಯೇ ಆಯಿತು. ಸಂಜೆ ಪ್ಯಾಕಪ್ ಅಂದ ಮೇಲೆ ಬಟ್ಟೆ, ಒಡವೆ ವಾಪಸ್ ತೆಗೆದುಕೊಳ್ಳುವ ಹೊತ್ತು. ಸೀರೆ ಬಂತು, ಕರಿಮಣಿ ಬಂತು. ಬಳೆ ಬರಲಿಲ್ಲ. ಬಿಗಿಯಾಗಿ ತೊಡಿಸಿದ ಬಳೆ ಹೇಗೆ ಬಂದೀತು? ದಿನವಿಡೀ ಆರತಿ ತಟ್ಟೆ ಹಿಡಿದು ಕೈ ಬೇರೆ ಊದಿಕೊಂಡಿತ್ತು. ಬಳೆಗಾರರು ಮಧ್ಯಾಹ್ನವೇ ಬಸ್ ಹತ್ತಿದ್ದರು. ಇಪ್ಪತ್ತೆಂಟು ಹೆಂಗಸರನ್ನು ಊರಿಗೆ ಬಿಡಬೇಕಾದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಈ ಬಳೆ ತೊಟ್ಟು ಅವರು ಊರೊಳಗೆ ಕಾಲಿಡುವ ಹಾಗಿಲ್ಲ. ತೊಡಿಸುವುದನ್ನು ಮಾತ್ರ ಯೋಚಿಸಿದ್ದೆ ನಾನು, ತೆಗೆಯುವುದನ್ನಲ್ಲ. ಮೂವತ್ತು ವರ್ಷದ ಅನುಭವವಂತೆ, ಥೂ!

ನಾನು ಸೋಪು ನೀರಿಗೆ ಅಂತ ಓಡಿದೆ. ಬರುವಷ್ಟರಲ್ಲಿ ಆ ಪ್ರೊಡಕ್ಷನ್ ಮ್ಯಾನೇಜರ್ ಎಂಬ ಪುಣ್ಯಾತ್ಮ ಡೇರೆಯ ಗೂಟ ಹೊಡೆಯುವ ಕಲ್ಲು ತಂದು ಮಧ್ಯದಲ್ಲಿಟ್ಟಿದ್ದ. ‘ಟೈಮಾಯ್ತು, ಟೈಮಾಯ್ತು, ಕುಟ್ಟಿ ಒಡ್ಕಳ್ರಮ್ಮ, ಐದ್ ನಿಮಿಷದ್ ಕೆಲ್ಸ’ ಅನ್ನುತ್ತಿದ್ದ. ಒಬ್ಬಾಕೆ ಕೈಯನ್ನು ಕಲ್ಲಿಗೆ ತಾಗಿಸಿದಳು. ಗಾಜು ಟಳ್ ಅಂತು. ಆಮೇಲೆ ಅವಳು ಕೂಗಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಗಂಡ ಸತ್ತ ದಿನ ಕೂಗಿದ್ದನ್ನೇ ಮತ್ತೆ ಕೂಗಿದಳು, ಅವನ ಹೆಸರು ಹಿಡಿದು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಕ್ಯಾಮೆರಾ ಮುಂದೆ ಅಳದವರೆಲ್ಲ ಡೇರೆಯೊಳಗೆ ಅತ್ತರು. ನಾನು ಸೋಪಿನ ಮಗ್ ಹಿಡಿದುಕೊಂಡು ನಿಂತಿದ್ದೆ. ಆ ಮ್ಯಾನೇಜರನ ಕೈಗೆ ಕಲ್ಲು ಕೊಟ್ಟು ಹೊರಗೆ ನೂಕಿದೆ, ಆದರೆ ಹೊತ್ತು ಮೀರಿತ್ತು.

ಚಿಕ್ಕತಾಯಮ್ಮ ಮಾತ್ರ ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು.

‘ನಂದು ಮುಟ್‌ಬ್ಯಾಡಿ’ ಅಂದಳು. ‘ಒಂದ್ ಸಲ ಒಡುಸ್ಕಂಡಿದೀನಿ. ಇನ್ನೊಂದ್ ಸಲ ಯಾರ್ ಕೈಲೂ ಒಡುಸ್ಕಳಲ್ಲ.’

ಬಳೆ ಸಮೇತ ಬಸ್ ಹತ್ತಿದಳು. ಸವಿತಳ ಮದುವೆಗೆ ಇನ್ನು ಹದಿನೈದೇ ದಿನ ಇತ್ತು.

ಹನ್ನೆರಡನೆಯ ದಿನ ಫೋನ್ ಬಂತು. ಅವಳ ಭಾವ, ಪುಟ್ಟಸ್ವಾಮಿ. ಅಡುಗೆ ಮನೆಯಲ್ಲಿರು ಅಂದಿದ್ದ ಮಹಾನುಭಾವ. ‘ನೋಡಿ ಮೇಡಂ, ನೀವು ತೊಡಿಸಿದ್ದು, ನೀವೇ ಬಂದು ಬಿಚ್ಚಿ. ಬೀಗ್ರಿಗೆ ಸುದ್ದಿ ಮುಟ್ಟಿಬುಟ್ಟದೆ. ಗಂಡಿನ್ ತಾಯಿ ನಾಳೀಕೆ ಸೀರೆ ಕೊಡೋ ನೆಪದಲ್ಲಿ ನೋಡಕ್ಕೇ ಬತ್ತಾವ್ರೆ. ಮದ್ವೆ ನಿಂತೋದ್ರೆ ನಿಮ್ಮ ತಲೆ ಮೇಲೆ’ ಅಂದರು. ನಾವು ಕೈ ಹಾಕಿದರೆ ಮನೆ ಬಿಟ್ಟು ಹೋಗುತ್ತೀನಿ ಅನ್ನುತ್ತಾಳೆ ಅಂತಲೂ ಹೇಳಿದರು. ಕೊಬ್ಬರಿ ಎಣ್ಣೆ, ತೆಳ್ಳಗಿನ ಪ್ಲಾಸ್ಟಿಕ್ ಕವರ್ ಹಿಡಿದು ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಆ ಹೆಣ್ಣುಮಗಳ ಮದುವೆ ನನ್ನಿಂದ ಮುರಿದರೆ ಯಾವ ಬಾವಿ ನೋಡಿಕೊಳ್ಳಲಿ ಅಂತ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಮನೆ ಮುಂದೆ ಹಸಿರು ಚಪ್ಪರ ಎದ್ದಿತ್ತು, ಬಾಗಿಲಿಗೆ ಮಾವಿನ ತೋರಣ. ಜಗಲಿಯ ಮೇಲೆ ಪುಟ್ಟಸ್ವಾಮಿ, ಅವರ ಪಕ್ಕ ಚಾಪೆಯಲ್ಲಿ ಗಂಡಿನ ತಾಯಿ. ದಪ್ಪ ಕುಂಕುಮ, ದಪ್ಪ ಮೂಗುತಿ, ಮಡಿಲಲ್ಲಿ ಸೀರೆಯ ಪೊಟ್ಟಣ. ನಗು ಇರಲಿಲ್ಲ. ನನ್ನನ್ನು ನೇರ ಒಳಗೆ ಕಳಿಸಿದರು.

ಚಿಕ್ಕತಾಯಮ್ಮ ಒಳಕೋಣೆಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಸವಿತ. ‘ಒಡೆಯಲ್ಲ. ಒಂದೂ ಬಿರುಕು ಬಿಡದ ಹಾಗೆ ತೆಗೀತೀನಿ. ನನ್ನ ನಂಬು’ ಅಂದೆ. ಮಗಳ ಮುಖ ನೋಡಿ ಬಲಗೈ ಕೊಟ್ಟಳು. ಕೈಗೆ ಕವರ್ ಹಾಕಿ, ಮೇಲೆ ಎಣ್ಣೆ ಸವರಿ, ಹೆಬ್ಬೆರಳನ್ನು ಅಂಗೈಗೆ ಮಡಿಸಿ, ಬಳೆಯನ್ನು ನಿಧಾನವಾಗಿ ಎಳೆದೆ. ಜಾರಿ ಬಂತು. ಎರಡನೆಯದೂ ಬಂತು. ಆರೂ ಬಳೆ ಇಡಿಯಾಗಿ ಅವಳ ಮಡಿಲಲ್ಲಿ ಬಿದ್ದವು. ಬಟ್ಟೆ ಕೆಲಸದವರಿಗೆ ಇದೇನು ದೊಡ್ಡ ವಿದ್ಯೆಯಲ್ಲ, ಆವತ್ತು ಡೇರೆಯಲ್ಲಿ ನೆನಪಾಗಬೇಕಿತ್ತು ಅಷ್ಟೆ.

ಎಡಗೈಗೆ ಕವರ್ ಹಾಕಲು ಹೋದೆ. ಅವಳು ಕೊಡಲಿಲ್ಲ. ಮಡಿಲಿನ ಬಳೆ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

‘ಅಕ್ಕ, ಒಡೀದೆನೂ ತೆಗೀಬೌದಾ?’

‘ತೆಗೀಬಹುದು. ನೋಡಿದ್ಯಲ್ಲ.’

‘ಅವತ್ತೂ ತೆಗೀಬೌದಿತ್ತಾ? ಸವಿತನ್ ಅಪ್ಪ ಹೋದಾಗ?’

ಹೂಂ ಅಂತ ತಲೆಯಾಡಿಸಿದೆ.

‘ಮತ್ಯಾಕಕ್ಕ ಒಡುದ್ರು? ನಾಕ್ ಜನ ಹಿಡ್ಕಂಡು ಒಡುದ್ರು. ಗಾಜು ಚುಚ್ಚಿ ರಕ್ತ ಬಂತು. ಇವ್ಳು ನೋಡಿ ಚಿಟಾರ್ ಅಂತ ಕಿರ್ಚ್‌ಕಂಡ್ಳು. ನಾನು, ಅದು ಬರಾದೇ ಅಂಗೆ, ಬ್ಯಾರೆ ದಾರಿ ಇಲ್ಲ ಅನ್ಕಂಡಿದ್ದೆ.’

ನನ್ನ ಕಣ್ಣಲ್ಲಿ ನೀರು ಬಂತು. ಸವಿತ ಅಮ್ಮನ ಮಡಿಲಿನಿಂದ ಬಳೆಗಳನ್ನು ಎತ್ತಿಕೊಂಡು ನನ್ನ ಕೈಗೆ ಕೊಟ್ಟಳು.

‘ವಾಪಸ್ ತೊಡ್ಸಿ ಆಂಟಿ’ ಅಂದಳು. ‘ಮದ್ವೆ ನಿಂತ್ರೆ ನಿಲ್ಲಿ. ಅವ್ವ ಸೌದೆ ಸಂದೀಲಿ ನಿಂತ್ರೆ ನಾನು ಹಸೆಮಣೆ ಮೇಲೆ ಕೂರಲ್ಲ.’

‘ಸುಮ್ಕಿರು’ ಅಂದಳು ತಾಯಿ. ಅಂದಳೇ ಹೊರತು ಕೈ ಹಿಂದೆ ಎಳೆಯಲಿಲ್ಲ. ಅದೇ ಎಣ್ಣೆಗೆ ಆರೂ ಬಳೆ ಹಿಂದಕ್ಕೆ ಏರಿದವು. ಕೈ ಒರೆಸಿ, ಎಣ್ಣೆಯ ಸೀಸೆ, ಕವರ್ ಎರಡನ್ನೂ ಬ್ಯಾಗಿನ ತಳಕ್ಕೆ ತುರುಕಿದೆ.

ಹೊರಗೆ ಬಂದೆ. ಪುಟ್ಟಸ್ವಾಮಿ ಎದ್ದು ನಿಂತರು.

‘ಆಯ್ತಾ?’

‘ಬರಲ್ಲ ಕಣ್ರೀ.’

‘ಬರಲ್ಲ ಅಂದ್ರೆ? ಬಿಚ್ಚೋರು ನೀವೇ ತಾನೆ?’

‘ಮೂವತ್ತು ವರ್ಷ ಇದೇ ಕೆಲಸ ಮಾಡಿದೀನಿ, ನನಗೆ ಹೇಳ್ತೀರಾ? ಬಿಗಿ ಬಳೆ. ಬರಲ್ಲ ಅಂದ್ರೆ ಬರಲ್ಲ. ಒಡೀಬೇಕು ಅಷ್ಟೆ.’ ಆಮೇಲೆ ಗಂಡಿನ ತಾಯಿಯ ಕಡೆ ತಿರುಗಿದೆ. ‘ನೀವೇ ಹೇಳಿ ಅಮ್ಮಾ. ಚಪ್ಪರ ಹಾಕಿದ್ದಾರೆ, ನಿಮ್ಮ ಮಡಿಲಲ್ಲಿ ಮದುಮಗಳ ಸೀರೆ ಇದೆ. ಈ ಮನೇಲಿ ಹಸಿರು ಬಳೆ ಒಡೆದು ಗಾಜು ಚೆಲ್ಲಲಾ? ಕಲ್ಲು ತರಿಸಿ, ಒಡೀತೀನಿ.’

ಆಯಮ್ಮನ ಮುಖದ ಬಣ್ಣ ಇಳಿಯಿತು. ಸೀರೆಯ ಪೊಟ್ಟಣವನ್ನು ಎದೆಗೆ ಒತ್ತಿಕೊಂಡರು.

‘ಅಯ್ಯೋ ಸಿವ್ನೇ, ಬುಡ್ತು ಅನ್ನಿ! ಮದ್ವೆ ಮನೇಲಿ ಬಳೆ ಒಡದಾರಾ? ನನ್ನ ಸೊಸೆ ಬಾಳು ಏನಾಗ್ಬೇಕು? ಬ್ಯಾಡ, ಬ್ಯಾಡ. ಇರ್ಲಿ ಬುಡಿ ಪುಟ್ಸಾಮಣ್ಣ, ಅವ್ರ್ ಕೈಲೇ ಇರ್ಲಿ. ಯಾರೂ ಮುಟ್‌ಬ್ಯಾಡಿ.’

‘ಮತ್ತೆ ಅಡುಗೆ ಮನೇಲಿ ಇದ್ದರೆ?’ ಅಂದೆ. ನನ್ನ ನಾಲಿಗೆ ಅಲ್ಲಿಗೇ ನಿಲ್ಲುವುದಲ್ಲ. ‘ಪಾತ್ರೆ ಪಡಗ, ಒನಕೆ, ಒರಳು. ಎಲ್ಲಾದರೂ ತಾಗಿ ಒಡೆದರೆ?’

ಆಯಮ್ಮ ನನ್ನನ್ನು ನೋಡಿದರು. ನನ್ನ ಸುಳ್ಳು ಅರ್ಥವಾಯಿತೋ ಇಲ್ಲವೋ, ಇವತ್ತಿಗೂ ಹೇಳಲಾರೆ. ‘ಅಡುಗೆಗೆ ಬಟ್ರು ಬತ್ತಾರೆ. ಬೀಗಿತ್ತಿ ಬಂದು ಮುಂದೆ ಕೂತ್ಕಳ್ಳಿ, ತಾಗದಂಗೆ’ ಅಂದರು.

ಮದುವೆಗೆ ನಾನೂ ಹೋಗಿದ್ದೆ. ಧಾರೆ ಎರೆದದ್ದು ಪುಟ್ಟಸ್ವಾಮಿ ದಂಪತಿಗಳೇ. ಅಷ್ಟು ಬೇಗ ಯಾರೂ ಬದಲಾಗುವುದಿಲ್ಲ, ಹಾಗಂತ ಸೀರಿಯಲ್ಲಿನಲ್ಲಿ ತೋರಿಸುತ್ತಾರೆ ಅಷ್ಟೆ. ಆದರೆ ಚಿಕ್ಕತಾಯಮ್ಮ ಮೊದಲ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ತಾಳಿ ಕಟ್ಟುವಾಗ ಎದ್ದು ನಿಂತು ಎರಡೂ ಕೈ ಎತ್ತಿ ಅಕ್ಷತೆ ಹಾಕಿದಳು. ಓಲಗದ ಮಧ್ಯೆಯೂ ಬಳೆಯ ಸದ್ದು ನನಗೆ ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ಗುಸುಗುಸು ಅಂದರು. ಅವರ ಬಾಯಿಗೆ ಮಣ್ಣು ಬೀಳ.

ಇನ್ನು ಆ ಆರತಿ ದೃಶ್ಯ. ಟೀವಿಯಲ್ಲಿ ಬಂದಾಗ ಗಡಿಯಾರ ಹಿಡಿದು ನೋಡಿದೆ. ನಾಲ್ಕು ಸೆಕೆಂಡು. ರಾಣಿಯ ಖಾಲಿ ಬೆನ್ನಿನ ಹಿಂದೆ ಮಸುಕಾಗಿ ಇಪ್ಪತ್ತೆಂಟು ಹೆಂಗಸರು, ಬಳೆ ಕಾಣಿಸಲೇ ಇಲ್ಲ. ಆ ಪ್ಲಾಸ್ಟಿಕ್ ಡಬ್ಬದ್ದೇ ಸಾಕಿತ್ತು ಅಂತ ಡೈರೆಕ್ಟರು ಆಮೇಲೆ ಹೇಳಿದರಂತೆ. ಆ ತಿಂಗಳೇ ನಾನು ಕೆಲಸ ಬಿಟ್ಟೆ. ಬೀಳ್ಕೊಡುಗೆ ಅಂತ ಒಂದು ಶಾಲು ಹೊದೆಸಿದರು. ಅದೂ ಪಾಲಿಯೆಸ್ಟರ್.

ಈಚೆಗೆ ಚಿಕ್ಕತಾಯಮ್ಮ ಫೋನ್ ಮಾಡಿದ್ದಳು. ಮತ್ತೆ ಸೊಪ್ಪಿನ ಕಾಲ ಬಂದಿದೆ, ಕಡ್ಡಿ ಕಟ್ಟುತ್ತಿದ್ದಾಳೆ. ಸವಿತ ಆರಾಮಾಗಿದ್ದಾಳಂತೆ. ‘ಬಳೆ?’ ಅಂದೆ.

‘ಅವೆ ಅಕ್ಕ. ಎಡಗೈದು ಒಂದು, ಕಡ್ಡಿ ಎತ್ತೋವಾಗ ಬಿರುಕು ಬುಟ್ಟದೆ.’

‘ಅಯ್ಯೋ, ಒಡೆದುಹೋದರೆ?’

ಆ ಕಡೆಯಿಂದ ನಕ್ಕಳು. ನನ್ನನ್ನು ಇಷ್ಟು ಪೆದ್ದಿ ಅಂತ ಅಂದುಕೊಂಡಿರಲಿಲ್ಲ ಅನ್ನುವ ಹಾಗೆ ನಕ್ಕಳು.

‘ಒಡದೋದ್ರೆ ಏನಾಯ್ತದೆ? ಹುಣಸೂರ್‌ನಲ್ಲಿ ಬಳೆ ಅಂಗಡಿ ಇಲ್ವಾ?’